ಹರೆಯದ ಮಕ್ಕಳನ್ನು ಮತ್ತೆ ಮತ್ತೆ ಕಾಡುವ ಕಾಲುನೋವು: ಯಾವುದು ಮೊದಲು, ಯಾವುದು ಆಮೇಲೆ

ಕ್ರೀಡಾಕೂಟದ ದಿನಗಳು ಹತ್ತಿರವಾದಂತೆ ಪ್ರೌಢಶಾಲೆಯ ಎಷ್ಟೋ ಮಕ್ಕಳಿಗೆ ಹಿಮ್ಮಡಿ, ಮಂಡಿ, ಕಣಕಾಲು ನೋಯತೊಡಗುತ್ತವೆ. ಮನೆಯವರು ಎಣ್ಣೆ ತಿಕ್ಕುತ್ತಾರೆ, ಮುಲಾಮು ಹಚ್ಚುತ್ತಾರೆ, ಒಂದು ವಾರ ಆಟ ಬಿಡಿಸುತ್ತಾರೆ. ನೋವು ಇಳಿಯುತ್ತದೆ. ಎಂಟನೆಯ ದಿನ ಮಗು ಮೈದಾನಕ್ಕೆ ಮರಳಿ ಮೊದಲಿನಷ್ಟೇ ಓಡುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ನೋವು ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಆಗ ದುಬಾರಿ ಶೂ, ರಕ್ತ ಪರೀಕ್ಷೆ, ಇನ್ನೊಂದು ಮುಲಾಮು.

ಬಹುತೇಕ ಮನೆಗಳಲ್ಲಿ ತಪ್ಪುತ್ತಿರುವುದು ಕ್ರಮ. ಸುಮ್ಮನೆ ಕುಳಿತರೆ ನೋವು ಕಡಿಮೆಯಾಗುತ್ತದೆ, ಆದರೆ ಕಾಲಿನ ಬಲ ಹೆಚ್ಚುವುದಿಲ್ಲ, ಬದಲಿಗೆ ಸ್ವಲ್ಪ ಕುಗ್ಗುತ್ತದೆ. ಬಲ ಕುಗ್ಗಿದ ಕಾಲಿನ ಮೇಲೆ ಹಳೆಯ ಭಾರವನ್ನೇ ಒಮ್ಮೆಲೇ ಹೇರಿದಾಗ ನೋವು ಮರುಕಳಿಸುತ್ತದೆ. ಮೊದಲು ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಆಮೇಲೆ ನೋವಿನ ಜಾಗ ಗುರುತಿಸಬೇಕು, ಆಮೇಲೆ ಭಾರ ಇಳಿಸಿ, ಬಲ ಕೂಡಿಸಿ, ಕೊನೆಯಲ್ಲಿ ಮೆಲ್ಲಗೆ ಆಟಕ್ಕೆ ಮರಳಬೇಕು. ಹತ್ತರಿಂದ ಹದಿನೆಂಟು ವರ್ಷದ ಹುಡುಗ ಹುಡುಗಿಯರು ಮತ್ತು ಅವರ ಮನೆಯವರು ಜೊತೆಗೆ ಕುಳಿತು ಓದಲೆಂದು ಇದನ್ನು ಬರೆದಿದ್ದೇನೆ. "ನೀವು" ಎಂದು ಕರೆಯುತ್ತಿರುವುದು ಕಾಲು ನೋಯುತ್ತಿರುವವರನ್ನೇ.

ಬೇಕಾಗುವ ಸಾಮಾನು

ಒಂದು ತೆಳುವಾದ ನೋಟ್‌ಬುಕ್, ಪೆನ್ನು, ಗಟ್ಟಿಯಾದ ಕುರ್ಚಿ, ಕೈಯೂರಲು ಗೋಡೆ, ದರ್ಜಿಯವರ ಅಳತೆ ಟೇಪು, ಒಂದಿಷ್ಟು ಮಂಜುಗಡ್ಡೆ, ಅದನ್ನು ಸುತ್ತಲು ಬಟ್ಟೆ. ಈಗ ಹಾಕುತ್ತಿರುವ ಶೂ ಮತ್ತು ಚಪ್ಪಲಿಯನ್ನೂ ಹತ್ತಿರ ಇಟ್ಟುಕೊಳ್ಳಿ. ಹಣ ಕೊಟ್ಟು ಕೊಳ್ಳಬೇಕಾದ್ದು ಸದ್ಯಕ್ಕೆ ಏನೂ ಇಲ್ಲ. ಆದರೆ ದಿನಕ್ಕೆ ಹದಿನೈದು ನಿಮಿಷ ಮತ್ತು ಎಂಟರಿಂದ ಹನ್ನೆರಡು ವಾರಗಳ ತಾಳ್ಮೆ ಬೇಕು. ಮುಂದಿನ ಭಾನುವಾರದ ಪಂದ್ಯಕ್ಕೆ ಹೇಗಾದರೂ ಸರಿಹೋಗಬೇಕು ಎಂದು ಹೊರಟವರೇ ಹೆಚ್ಚಾಗಿ ನಡುವೆ ಕೈಬಿಡುತ್ತಾರೆ.

ಹಂತ 1: ಅಪಾಯದ ಚಿಹ್ನೆಗಳನ್ನು ಮೊದಲು ನೋಡಿ

ಈ ಹಂತವನ್ನು ದಾಟದೆ ಮುಂದಿನದನ್ನು ಮಾಡಬೇಡಿ. ಹರೆಯದ ಕಾಲುನೋವುಗಳಲ್ಲಿ ಹೆಚ್ಚಿನವು ಆಟದ ಭಾರದಿಂದ ಬಂದು ವಾಸಿಯಾಗುವಂಥವು. ಕೆಲವು ಮಾತ್ರ ಹಾಗಲ್ಲ, ಮತ್ತು ಆ ಕೆಲವನ್ನು ತಡಮಾಡಿದರೆ ಜೀವಮಾನದ ನಷ್ಟವಾಗುತ್ತದೆ.

ಜ್ವರ ಬಂದು, ಒಂದು ಕೀಲು ಅಥವಾ ಎಲುಬು ಬಿಸಿಯಾಗಿ ಊದಿಕೊಂಡು, ಕಾಲೂರಲು ಆಗದಿದ್ದರೆ ಅದು ಎಲುಬಿನ ಅಥವಾ ಕೀಲಿನ ಸೋಂಕಾಗಿರಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡನೆಯದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದು ಬಹಳ ಸಲ ಕಣ್ತಪ್ಪಿಹೋಗುತ್ತದೆ. ಹತ್ತರಿಂದ ಹದಿನಾರು ವರ್ಷದೊಳಗಿನ ಮಗು, ಅದರಲ್ಲೂ ಮೈತೂಕ ಹೆಚ್ಚಿರುವ ಮಗು, ಮಂಡಿ ನೋವು ಅಥವಾ ತೊಡೆ ನೋವು ಎನ್ನುತ್ತದೆ. ಮಂಡಿಯನ್ನು ಒತ್ತಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಮಗು ಕುಂಟುತ್ತದೆ, ನಡೆಯುವಾಗ ಆ ಕಾಲಿನ ಪಾದ ಹೊರಕ್ಕೆ ತಿರುಗಿರುತ್ತದೆ. ಅಂಗಾತ ಮಲಗಿಸಿ ತೊಡೆಯನ್ನು ಹೊಟ್ಟೆಯ ಕಡೆಗೆ ಮಡಚಿದರೆ ಕಾಲು ತಾನಾಗಿಯೇ ಹೊರಮಗ್ಗುಲಿಗೆ ಹೊರಳುತ್ತದೆ. ಇಲ್ಲಿ ತೊಂದರೆ ಇರುವುದು ಸೊಂಟದ ಕೀಲಿನಲ್ಲಿ. ತೊಡೆ ಎಲುಬಿನ ಗುಂಡುತಲೆ ಬೆಳವಣಿಗೆಯ ಪದರದ (ಎಲುಬು ಉದ್ದವಾಗುವ ಮೆದುವಾದ ಜಾಗ) ಬಳಿ ಜಾರುತ್ತಿರುತ್ತದೆ, ನೋವು ಮಾತ್ರ ಮಂಡಿಯಲ್ಲಿ ಕೇಳಿಸುತ್ತದೆ. ಇಂಥ ಮಗುವನ್ನು ನಡೆಸಬೇಡಿ. ಎತ್ತಿಕೊಂಡೋ ಗಾಲಿಕುರ್ಚಿಯಲ್ಲೋ ಅದೇ ದಿನ ಮೂಳೆ ತಜ್ಞರ ಬಳಿಗೆ ಕರೆದೊಯ್ಯಿರಿ, ಮಂಡಿಯ ಎಕ್ಸ್‌ರೇ ಜೊತೆ ಸೊಂಟದ ಎಕ್ಸ್‌ರೇಯನ್ನೂ ಕೇಳಿ.

ಮೂರನೆಯದು, ರಾತ್ರಿ ನಿದ್ದೆಯಿಂದ ಎಬ್ಬಿಸುವ, ಒಂದೇ ಕಾಲಿನ, ವಾರದಿಂದ ವಾರಕ್ಕೆ ಏರುವ ನೋವು. ಮಂಡಿಯ ಮೇಲೆ ಅಥವಾ ಕೆಳಗೆ ಗಟ್ಟಿಯಾದ ಊತ ಇದ್ದರಂತೂ ತಡಮಾಡಲೇಬಾರದು. ಎಲುಬಿನ ಗಡ್ಡೆಗಳು ಹರೆಯದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಂಡಿಯ ಆಸುಪಾಸಿನಲ್ಲೇ. ಇವು ಅಪರೂಪ, ಆದರೂ ಆಟದಲ್ಲಿ ಬಿದ್ದ ಪೆಟ್ಟು ಎಂದುಕೊಂಡು ತಿಂಗಳುಗಟ್ಟಲೆ ತಿಕ್ಕಿಸುತ್ತ ಕೂರುವ ಮನೆಗಳಿವೆ. ಕಾರಣ ತಿಳಿಯದ ಊತವನ್ನು ತಿಕ್ಕಬೇಡಿ, ಎಲುಬು ಕೂರಿಸುವವರ ಬಳಿ ಎಳೆಸಬೇಡಿ, ಬಿಗಿಯಾಗಿ ಕಟ್ಟಿಸಬೇಡಿ. ಒಂದು ಎಕ್ಸ್‌ರೇ ಆಗಲಿ.

ಉಳಿದವು ಇವು: ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಕಾಲ ಕೀಲು ಬಿಗಿದುಕೊಂಡಿರುವುದು ಮತ್ತು ಊತ ವಾರಗಟ್ಟಲೆ ಇಳಿಯದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮುಖ ಬಿಳಿಚುವುದು, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಮೂಡುವುದು, ಸೊಂಟದಿಂದ ಪಾದದವರೆಗೆ ಮಿಂಚಿದಂತೆ ಹರಿಯುವ ನೋವು, ಜೋಮು, ಮೂತ್ರ ಕಟ್ಟುವುದು, ಬಿದ್ದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿರುವುದು, ಪೆಟ್ಟಾದ ಬಳಿಕ ಮೀನಖಂಡ ಕಲ್ಲಿನಂತೆ ಬಿಗಿದು, ಬೆರಳು ಅಲ್ಲಾಡಿಸಿದರೂ ಸಹಿಸಲಾಗದ ನೋವು. ಮೂತ್ರ ಕಟ್ಟುವುದು, ಹೆಜ್ಜೆ ಇಡಲಾಗದಿರುವುದು, ಕಲ್ಲಿನಂತೆ ಬಿಗಿದ ಮೀನಖಂಡ ಇವು ಮೂರು ತುರ್ತು. ಮಿಕ್ಕವಕ್ಕೂ ಅದೇ ವಾರ ವೈದ್ಯರನ್ನು ಕಾಣಬೇಕು.

"ಬೆಳೆಯುವ ಮಕ್ಕಳಿಗೆ ಕಾಲು ನೋಯುವುದು ಸಹಜ" ಎಂಬ ಮಾತಿನ ಬಗ್ಗೆಯೂ ಎಚ್ಚರವಿರಲಿ. ಆ ಬಗೆಯ ನೋವು ಸಾಮಾನ್ಯವಾಗಿ ಮೂರರಿಂದ ಹನ್ನೆರಡು ವರ್ಷದ ಮಕ್ಕಳದ್ದು. ಸಂಜೆ ಅಥವಾ ರಾತ್ರಿ, ಎರಡೂ ಕಾಲಿನಲ್ಲಿ ಬರುತ್ತದೆ, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ, ಮಗು ಕುಂಟುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಒಂದೇ ಕಾಲಿನ ಒಂದೇ ಜಾಗ ಹಗಲಲ್ಲಿ ನೋಯುತ್ತಿದ್ದರೆ ಅದು ಬೆಳೆಯುವ ನೋವಲ್ಲ.

ಹಂತ 2: ಒಂದೇ ಬೆರಳಿನಿಂದ ಜಾಗ ತೋರಿಸಿ

"ಕಾಲೆಲ್ಲ ನೋಯುತ್ತದೆ" ಎಂದರೆ ವೈದ್ಯರಿಗೂ ದಾರಿ ಸಿಗುವುದಿಲ್ಲ. ಕುರ್ಚಿಯಲ್ಲಿ ಕುಳಿತು, ಹೆಚ್ಚು ನೋಯುವ ಜಾಗವನ್ನು ತೋರುಬೆರಳ ತುದಿಯಿಂದ ಮುಟ್ಟಿ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಕಾಲಿನ ಚಿತ್ರ ಬರೆದು ಅಲ್ಲಿ ಗುರುತು ಹಾಕಿ.

ಹಿಮ್ಮಡಿಯ ಹಿಂಭಾಗ ಅಥವಾ ಬುಡದಲ್ಲಿ ನೋವಿದ್ದು, ಹಿಮ್ಮಡಿಯ ಎರಡೂ ಮಗ್ಗುಲನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಚುಕಿದಾಗ ಹೆಚ್ಚುತ್ತದೆಯೇ? ವಯಸ್ಸು ಎಂಟರಿಂದ ಹದಿನಾಲ್ಕರೊಳಗಿದ್ದರೆ ಇದು ಹೆಚ್ಚಾಗಿ ಹಿಮ್ಮಡಿ ಎಲುಬಿನ ಬೆಳವಣಿಗೆಯ ಪದರದ ಕೆರಳಿಕೆ. ವೈದ್ಯರು ಇದನ್ನು ಸೀವರ್ಸ್ ಎನ್ನುತ್ತಾರೆ. ಎಲುಬು ಬೇಗ ಉದ್ದವಾಗಿರುತ್ತದೆ, ಮೀನಖಂಡದ ಸ್ನಾಯು ಅಷ್ಟು ಬೇಗ ಸಡಿಲವಾಗಿರುವುದಿಲ್ಲ, ಓಡುವಾಗ ಅದು ಹಿಮ್ಮಡಿಯನ್ನು ಜಗ್ಗುತ್ತದೆ. ಆ ಪದರ ಬೆಸೆದುಕೊಂಡ ಮೇಲೆ ಈ ನೋವು ಪೂರ್ತಿ ನಿಲ್ಲುತ್ತದೆ.

ಮಂಡಿಚಿಪ್ಪಿನ ಕೆಳಗೆ, ಎರಡು ಮೂರು ಬೆರಳಗಲ ದೂರದಲ್ಲಿ ಒಂದು ಗಟ್ಟಿ ಉಬ್ಬು ಇದ್ದು, ಅದನ್ನು ಒತ್ತಿದರೆ, ಮಂಡಿಯೂರಿದರೆ, ಜಿಗಿದರೆ ನೋಯುತ್ತದೆಯೇ? ಇದಕ್ಕೆ ಆಸ್‌ಗುಡ್-ಶ್ಲಾಟರ್ ಎಂಬ ಹೆಸರಿದೆ. ವಾಲಿಬಾಲ್, ಕಬಡ್ಡಿ, ಖೋಖೋ ಆಡುವ ಹತ್ತರಿಂದ ಹದಿನೈದರ ಮಕ್ಕಳಲ್ಲಿ ಸಾಮಾನ್ಯ. ನೋವು ಹೋದರೂ ಉಬ್ಬು ಉಳಿಯಬಹುದು, ಅದರಿಂದ ಹಾನಿಯಿಲ್ಲ.

ಮಂಡಿಚಿಪ್ಪಿನ ಸುತ್ತ ಅಥವಾ ಹಿಂದೆ ಮಂದವಾದ ನೋವು, ಮೆಟ್ಟಿಲು ಇಳಿಯುವಾಗ ಮತ್ತು ತರಗತಿಯಲ್ಲಿ ಬಹಳ ಹೊತ್ತು ಮಂಡಿ ಮಡಚಿ ಕುಳಿತಾಗ ಹೆಚ್ಚುತ್ತದೆಯೇ? ಇದು ಮಂಡಿಚಿಪ್ಪು ಮತ್ತು ತೊಡೆಯೆಲುಬಿನ ನಡುವಿನ ಒತ್ತಡದ ನೋವು. ತೊಡೆ ಮತ್ತು ಪಿರ್ರೆಯ ಸ್ನಾಯುಗಳಿಗೆ ಬಲ ಬಂದರೆ ಇಳಿಯುತ್ತದೆ.

ಕಣಕಾಲಿನ ಮುಂಭಾಗದ ಎಲುಬಿನ ಒಳಅಂಚಿನಲ್ಲಿ ನೋವಿದ್ದರೆ ಬೆರಳನ್ನು ಅಂಚಿನುದ್ದಕ್ಕೂ ಮೇಲಿಂದ ಕೆಳಗೆ ಒತ್ತುತ್ತ ಬನ್ನಿ. ಐದು ಸೆಂಟಿಮೀಟರ್‌ಗಿಂತ ಉದ್ದದ ಪಟ್ಟಿಯಲ್ಲಿ ನೋವು ಹರಡಿದ್ದರೆ ಅದು ಓಟದ ಅತಿಭಾರದಿಂದ ಬಂದ ಕೆರಳಿಕೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ತೀಕ್ಷ್ಣವಾಗಿ ನೋಯುತ್ತಿದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣಿಸದೇ ಹೋಗಬಹುದು. "ಎಕ್ಸ್‌ರೇ ಸರಿಯಿದೆ, ಓಡು" ಎಂದು ಯಾರಾದರೂ ಹೇಳಿದರೂ, ನಾಣ್ಯದಷ್ಟು ಜಾಗದ ನೋವು ಹೋಗುವವರೆಗೆ ಓಡಬೇಡಿ, ಮತ್ತೆ ತೋರಿಸಿ.

ಅಂಗಾಲು ಮತ್ತು ಪಾದದ ಕಮಾನಿನ ನೋವಿಗೆ ಮುಂದಿನ ಹಂತ ನೋಡಿ.

ಹಂತ 3: ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳು

ಮೊದಲನೆಯದು ತುದಿಗಾಲಿನ ಪರೀಕ್ಷೆ. ಬರಿಗಾಲಿನಲ್ಲಿ ನಿಂತಾಗ ಅಂಗಾಲು ಪೂರ್ತಿ ನೆಲಕ್ಕೆ ತಾಗುವವರು ಬಹಳ ಮಂದಿ. ತುದಿಗಾಲಿನಲ್ಲಿ ನಿಂತಾಗ ಪಾದದ ಒಳಬದಿಯಲ್ಲಿ ಕಮಾನು ಮೂಡುತ್ತದೆಯೇ ಎಂದು ಹಿಂದಿನಿಂದ ಯಾರಾದರೂ ನೋಡಲಿ. ಮೂಡಿದರೆ ಅದು ಮೆತ್ತನೆಯ ಚಪ್ಪಟೆ ಪಾದ. ನೋವಿಲ್ಲದಿದ್ದರೆ ಅದಕ್ಕೆ ಯಾವ ಚಿಕಿತ್ಸೆಯೂ ಬೇಡ, ಸಾವಿರಾರು ರೂಪಾಯಿಯ ವಿಶೇಷ ಶೂ ಕೂಡ ಬೇಡ. ತುದಿಗಾಲಿನಲ್ಲೂ ಕಮಾನು ಮೂಡದೆ ಪಾದ ಬಿಗಿಯಾಗಿದ್ದು, ಪದೇ ಪದೇ ಕಾಲು ಉಳುಕುತ್ತಿದ್ದರೆ ಪಾದದ ಎರಡು ಎಲುಬುಗಳು ಹುಟ್ಟಿನಿಂದಲೇ ಬೆಸೆದಿರುವ ಸಾಧ್ಯತೆಯಿದೆ. ಇದರ ನೋವು ಶುರುವಾಗುವುದು ಹೆಚ್ಚಾಗಿ ಹರೆಯದಲ್ಲೇ. ಮೂಳೆ ತಜ್ಞರಿಗೆ ತೋರಿಸಿ.

ಎರಡನೆಯದು ಗೋಡೆಯ ಪರೀಕ್ಷೆ. ಗೋಡೆಗೆ ಎದುರಾಗಿ ನಿಂತು, ಒಂದು ಪಾದದ ಹೆಬ್ಬೆರಳನ್ನು ಗೋಡೆಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿಡಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಆಗದಿದ್ದರೆ ಪಾದವನ್ನು ಹತ್ತಿರ ತನ್ನಿ, ತಾಗುವ ದೂರವನ್ನು ಟೇಪಿನಿಂದ ಅಳೆದು ಬರೆದಿಡಿ. ಎರಡೂ ಕಾಲುಗಳ ಅಳತೆ ಬೇರೆಯಾಗಿದ್ದರೆ ಬಿಗಿಯಾದ ಮೀನಖಂಡ ಯಾವ ಕಡೆಯದು ಎಂದು ತಿಳಿಯುತ್ತದೆ. ಮುಂದೆ ಸುಧಾರಣೆಯನ್ನು ಅಳೆಯಲೂ ಇದೇ ಅಂಕಿ ಬೇಕು.

ಮೂರನೆಯದು ಕುಂಟಾಬಿಲ್ಲೆ ಆಡುವಂತೆ ಒಂಟಿಕಾಲಿನಲ್ಲಿ ಕುಪ್ಪಳಿಸುವುದು. ನಾಣ್ಯದಷ್ಟು ಜಾಗದ ನೋವಿದ್ದವರು ಇದನ್ನು ಮಾಡಬಾರದು. ಉಳಿದವರು ನೋವಿಲ್ಲದ ಕಾಲಿನಲ್ಲಿ ಮೊದಲು, ನೋಯುವ ಕಾಲಿನಲ್ಲಿ ಆಮೇಲೆ ಕುಪ್ಪಳಿಸಿ, ಎಷ್ಟನೆಯ ಕುಪ್ಪಳಿಕೆಗೆ ನೋವು ಬಂತೆಂದು ಬರೆದುಕೊಳ್ಳಿ. ಮೊದಲನೆಯದಕ್ಕೇ ಬಂದರೆ ನಿಲ್ಲಿಸಿ.

ಹಂತ 4: ಹದಿನಾಲ್ಕು ದಿನ ಬರೆದಿಡಿ

ಪ್ರತಿ ರಾತ್ರಿ ಮೂರು ಸಾಲು ಸಾಕು. ಇವತ್ತು ಎಷ್ಟು ಹೊತ್ತು ಓಡಿದೆ, ಆಡಿದೆ, ನಡೆದೆ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ನಿನ್ನೆಯ ಆಟದ ಬಳಿಕ ಇಂದು ಬೆಳಗ್ಗೆ ಎದ್ದಾಗ ಎಷ್ಟು.

ಈ ಮೂರನೆಯ ಸಾಲನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆಡುವಾಗ ಮೈ ಬಿಸಿಯಾಗಿರುತ್ತದೆ, ಗೆಲ್ಲುವ ಹುಮ್ಮಸ್ಸಿರುತ್ತದೆ, ನೋವು ತಿಳಿಯುವುದಿಲ್ಲ. ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ನಿಜವನ್ನು ಹೇಳುತ್ತವೆ.

ಭಾರ ಎಂದರೆ ಮೈದಾನದ ಅಭ್ಯಾಸ ಮಾತ್ರವಲ್ಲ. ಬಸ್ ನಿಲ್ದಾಣಕ್ಕೆ ನಡೆಯುವ ಎರಡು ಕಿಲೋಮೀಟರ್, ಹೊಲದ ಕೆಲಸ, ಬಿಂದಿಗೆ ಹೊತ್ತು ತರುವುದು, ಸಂಜೆಯ ಭರತನಾಟ್ಯದ ತರಗತಿ, ಪುಸ್ತಕದ ಚೀಲ ಎಲ್ಲವೂ ಸೇರುತ್ತವೆ. ಚೀಲದ ತೂಕ ಮೈತೂಕದ ಹತ್ತನೆಯ ಒಂದು ಭಾಗ ಮೀರದಿರಲಿ. ಗ್ರಾನೈಟ್ ಅಥವಾ ಸಿಮೆಂಟ್ ನೆಲದ ಮೇಲೆ ಅರಮಂಡಿಯಲ್ಲಿ (ಮಂಡಿ ಅರ್ಧ ಬಗ್ಗಿಸಿ) ನಿಂತು ಗಂಟೆಗಟ್ಟಲೆ ತಟ್ಟಡವು (ಪಾದವನ್ನು ನೆಲಕ್ಕೆ ತಟ್ಟುವ ನೃತ್ಯದ ಹೆಜ್ಜೆ) ಮಾಡುವ ಹುಡುಗಿಗೆ "ನೀನೇನು ಓಡುವುದಿಲ್ಲವಲ್ಲ" ಎನ್ನುವುದು ತಪ್ಪು. ಅವಳ ಮಂಡಿ ಮತ್ತು ಕಣಕಾಲಿಗೆ ಓಟಗಾರರಷ್ಟೇ ಪೆಟ್ಟು ಬೀಳುತ್ತದೆ.

ಎತ್ತರವನ್ನೂ ಒಮ್ಮೆ ಅಳೆದು ಬರೆಯಿರಿ. ಹುಡುಗಿಯರಲ್ಲಿ ಸುಮಾರು ಹನ್ನೊಂದು ಹನ್ನೆರಡರ ಆಸುಪಾಸು, ಹುಡುಗರಲ್ಲಿ ಹದಿಮೂರು ಹದಿನಾಲ್ಕರ ಆಸುಪಾಸು ಎತ್ತರ ಅತಿ ವೇಗವಾಗಿ ಏರುತ್ತದೆ. ಆ ವರ್ಷ ಏಳೆಂಟು ಸೆಂಟಿಮೀಟರ್ ಅಥವಾ ಇನ್ನೂ ಹೆಚ್ಚು ಬೆಳೆಯಬಹುದು. ಅಭ್ಯಾಸವನ್ನು ಹೆಚ್ಚಿಸಬಾರದ ಕಾಲವೂ ಅದೇ.

ಹಂತ 5: ಭಾರ ಇಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ

ಎರಡು ವಾರದ ಬರಹ ನೋಡಿದರೆ ನೋವು ಹೆಚ್ಚಿದ ದಿನಗಳ ಹಿಂದಿನ ದಿನ ಏನು ಮಾಡಿದ್ದಿರೆಂದು ಗೊತ್ತಾಗುತ್ತದೆ. ಆ ಕೆಲಸವನ್ನು ಅರ್ಧಕ್ಕೆ ಇಳಿಸಿ. ಕುಂಟುವಷ್ಟು ನೋವಿದ್ದರೆ ಅಥವಾ ಎಲುಬಿನ ಬಿರುಕಿನ ಅನುಮಾನವಿದ್ದರೆ ಮಾತ್ರ ಓಟ, ಜಿಗಿತ ಪೂರ್ತಿ ನಿಲ್ಲಲಿ. ಉಳಿದವರಿಗೆ ನಿಯಮ ಹೀಗೆ: ಚಟುವಟಿಕೆಯ ನಡುವೆ ನೋವು ಮೂರಕ್ಕಿಂತ ಮೇಲೇರಬಾರದು, ಮರುದಿನ ಬೆಳಗ್ಗೆ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಎರಡೂ ಪಾಲನೆಯಾದರೆ ಮುಂದುವರಿಯಬಹುದು. ಒಂದು ತಪ್ಪಿದರೂ ಮುಂದಿನ ಸಲ ಇನ್ನಷ್ಟು ಇಳಿಸಿ.

ಓಟದ ಬದಲಿಗೆ ಸೈಕಲ್ ತುಳಿಯಿರಿ, ಈಜು ಬರುವವರು ಈಜಿ. ಖೋಖೋ ಆಡುವವರು ಎದ್ದು ಓಡುವುದನ್ನು ಬಿಟ್ಟು, ಡೈವ್ ಇಲ್ಲದ ಕೌಶಲದ ಅಭ್ಯಾಸ ಮಾಡಬಹುದು. ತಂಡದಿಂದ ಪೂರ್ತಿ ಹೊರಗುಳಿದ ಮಕ್ಕಳು ಮನಸ್ಸಿನಲ್ಲಿ ಕುಗ್ಗುತ್ತಾರೆ, ಆಮೇಲೆ ನೋವನ್ನು ಮುಚ್ಚಿಟ್ಟು ಆಡಲು ಶುರುಮಾಡುತ್ತಾರೆ. ಮೈದಾನದ ಬದಿಯಲ್ಲಾದರೂ ಅವರಿಗೊಂದು ಕೆಲಸವಿರಲಿ.

ದೈಹಿಕ ಶಿಕ್ಷಣ ಶಿಕ್ಷಕರಿಗೆ ಅಪ್ಪ ಅಥವಾ ಅಮ್ಮ ಒಂದು ಚೀಟಿ ಬರೆದುಕೊಡಲಿ. "ಆಟ ಬೇಡ" ಎಂದು ಬರೆಯಬೇಡಿ. "ಆರು ವಾರ ಜಿಗಿತ ಮತ್ತು ಮೈದಾನ ಸುತ್ತುವ ಓಟ ಬೇಡ, ಉಳಿದ ವ್ಯಾಯಾಮ ಮಾಡಬಹುದು" ಎಂದು ಸ್ಪಷ್ಟವಾಗಿ ಬರೆಯಿರಿ. ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದನ್ನು ಶಿಕ್ಷೆಯಾಗಿ ಕೊಡುವ ರೂಢಿ ಇನ್ನೂ ಕೆಲವೆಡೆ ಇದೆ. ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮಂಡಿ ನೋಯುವ ಮಗುವಿಗೆ ಅದು ಬರೀ ಅವಮಾನವಲ್ಲ, ಗಾಯ. ಮುಖ್ಯೋಪಾಧ್ಯಾಯರಿಗೆ ಹೇಳಲು ಹಿಂಜರಿಯಬೇಡಿ.

ಹಂತ 6: ಬಲ ಕೂಡಿಸುವ ವ್ಯಾಯಾಮಗಳು

ಭಾರ ಇಳಿಸಿದ ಮೊದಲ ವಾರದಲ್ಲೇ ಇವನ್ನು ಆರಂಭಿಸಿ. ನೋವು ಪೂರ್ತಿ ಹೋಗಲಿ ಎಂದು ಕಾಯುವುದೇ ಈ ಹಂತದ ದೊಡ್ಡ ತಪ್ಪು. ಎಲುಬಿನ ಬಿರುಕಿನ ಅನುಮಾನವಿದ್ದವರು ಮಾತ್ರ ವೈದ್ಯರು ಹೇಳುವವರೆಗೆ ತಡೆಯಬೇಕು.

ಮೀನಖಂಡ ಎಳೆಯುವುದು: ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಕ್ಕೊತ್ತಿ, ಪಾದ ನೇರವಾಗಿರಲಿ. ಮಂಡಿ ನೇರ ಇಟ್ಟುಕೊಂಡು 30 ಸೆಕೆಂಡ್, ಹೀಗೆ ಮೂರು ಸಲ. ಆಮೇಲೆ ಅದೇ ಮಂಡಿಯನ್ನು ಸ್ವಲ್ಪ ಬಗ್ಗಿಸಿ 30 ಸೆಕೆಂಡ್, ಮೂರು ಸಲ. ಮೀನಖಂಡದಲ್ಲಿ ಎರಡು ಸ್ನಾಯುಗಳಿವೆ, ಒಂದು ನೇರ ಮಂಡಿಯಲ್ಲಿ ಚೆನ್ನಾಗಿ ಹಿಗ್ಗುತ್ತದೆ, ಇನ್ನೊಂದು ಬಗ್ಗಿದ ಮಂಡಿಯಲ್ಲಿ. ಕುಲುಕಬೇಡಿ. ಹಿಮ್ಮಡಿಯಲ್ಲೇ ನೋವು ಬಂದರೆ ಎಳೆತ ಹೆಚ್ಚಾಯಿತು ಎಂದರ್ಥ.

ಹಿಮ್ಮಡಿ ಎತ್ತುವುದು: ಸಮ ನೆಲದಲ್ಲಿ ಎರಡೂ ಕಾಲಿನ ಮೇಲೆ ನಿಂತು, ಎರಡು ಎಣಿಸುತ್ತ ಮೇಲೇರಿ, ಮೂರು ಎಣಿಸುತ್ತ ಇಳಿಯಿರಿ. ಹನ್ನೆರಡರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಎರಡು ವಾರ ಸುಲಭವಾದರೆ ಎರಡು ಕಾಲಿನಲ್ಲಿ ಏರಿ ಒಂದು ಕಾಲಿನಲ್ಲಿ ಇಳಿಯಿರಿ. ಕೊನೆಗೆ ಒಂದೇ ಕಾಲಿನಲ್ಲಿ ಇಪ್ಪತ್ತು ಸಲ ಏರಿಳಿಯುವ ಬಲ ಬರಬೇಕು. ಹಿಮ್ಮಡಿ ನೋವಿನವರು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಇಳಿಬಿಡುವ ವ್ಯಾಯಾಮವನ್ನು ಆರಂಭದಲ್ಲಿ ಮಾಡಬಾರದು. ಮೊಬೈಲ್‌ನಲ್ಲಿ ಕಾಣುವ ಎಷ್ಟೋ ವಿಡಿಯೊಗಳು ದೊಡ್ಡವರಿಗಾಗಿ ಮಾಡಿದವು, ಅವುಗಳಲ್ಲಿ ಇದನ್ನೇ ಮೊದಲು ತೋರಿಸುತ್ತಾರೆ.

ತೊಡೆಗೆ: ಮಂಡಿಯ ಕೆಳಗೆ ಉಬ್ಬಿರುವವರು ಮೊದಲ ಎರಡು ವಾರ ಕಾಲು ಚಾಚಿ ಕುಳಿತು, ತೊಡೆಯನ್ನು ಬಿಗಿದು ಮಂಡಿಯ ಹಿಂಭಾಗವನ್ನು ನೆಲಕ್ಕೊತ್ತಿ ಹತ್ತು ಸೆಕೆಂಡ್ ಹಿಡಿಯಿರಿ, ಹತ್ತು ಸಲ. ಆಮೇಲೆ ಗೋಡೆಗೆ ಬೆನ್ನು ತಾಗಿಸಿ ಅರ್ಧ ಮಾತ್ರ ಜಾರಿ ಕೂತಂತೆ ನಿಲ್ಲಿ, 30 ಸೆಕೆಂಡ್, ನಾಲ್ಕು ಸಲ. ಕುರ್ಚಿಯಿಂದ ಕೈ ಬಳಸದೆ ಏಳುವುದು, ಕೂರುವುದು ನಂತರದ್ದು. ಕುಕ್ಕರಗಾಲಿನಲ್ಲಿ ಪೂರ್ತಿ ಕೂರುವ ಬಸ್ಕಿ ಕೊನೆಯ ವಾರಗಳಿಗೆ ಇರಲಿ.

ಪಿರ್ರೆಗೆ: ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ಮೇಲೆತ್ತುವುದು, ಹನ್ನೆರಡರಂತೆ ಮೂರು ಸುತ್ತು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಅಷ್ಟೇ ಸುತ್ತು. ನೋವು ಮಂಡಿಯಲ್ಲಿರುವಾಗ ಸೊಂಟಕ್ಕೇಕೆ ವ್ಯಾಯಾಮ ಎಂದು ಕೇಳುತ್ತಾರೆ. ಓಡುವಾಗ ಮಂಡಿ ಒಳಕ್ಕೆ ಬೀಳದಂತೆ ಹಿಡಿದಿಡುವುದು ಈ ಸ್ನಾಯುಗಳೇ.

ಒಂದೇ ದಿನ ಎಲ್ಲವನ್ನೂ ಮಾಡಿ ಸುಸ್ತಾಗಬೇಡಿ. ಎಳೆಯುವುದು ದಿನಕ್ಕೆರಡು ಸಲ, ಬಲದ ವ್ಯಾಯಾಮ ವಾರಕ್ಕೆ ಮೂರು ದಿನ.

ಹಂತ 7: ಕಾಲಿಗೆ ಹಾಕುವುದು

ಹರೆಯದಲ್ಲಿ ಪಾದ ಬೇಗ ಬೆಳೆಯುತ್ತದೆ. ಜೂನ್‌ನಲ್ಲಿ ಕೊಂಡ ಶಾಲೆಯ ಶೂ ನವೆಂಬರ್‌ಗೆ ಬಿಗಿಯಾಗಿರಬಹುದು. ಶೂ ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಕೊಳ್ಳುವುದು ಸಂಜೆ, ಆಗ ಪಾದ ಸ್ವಲ್ಪ ಊದಿರುತ್ತದೆ. ಎರಡೂ ಪಾದಗಳಲ್ಲಿ ದೊಡ್ಡದಕ್ಕೆ ಹೊಂದುವುದನ್ನು ಆರಿಸಿ.

ಅಂಗಡಿಯಲ್ಲೇ ನೋಡಿ: ಹಿಮ್ಮಡಿಯ ಹಿಂಭಾಗ ಒತ್ತಿದರೆ ಕುಸಿಯಬಾರದು, ಶೂ ಬಾಗಬೇಕಾದ್ದು ಬೆರಳುಗಳ ಬುಡದಲ್ಲಿ ಮಾತ್ರ, ಬಟ್ಟೆ ಹಿಂಡುವಂತೆ ತಿರುಚಲು ಬರಬಾರದು. ತೆಳು ತಳದ ಕ್ಯಾನ್ವಾಸ್ ಶೂ ಕವಾಯತಿಗೆ ಸಾಕು, ಪ್ರತಿದಿನದ ಓಟಕ್ಕೆ ಸಾಲದು. ಹಿಮ್ಮಡಿ ನೋವಿಗೆ ಔಷಧದಂಗಡಿಯಲ್ಲಿ ಸಿಗುವ ಸಿಲಿಕಾನ್ ಹಿಮ್ಮಡಿ ಮೆತ್ತೆ ಒಳ್ಳೆಯದು, ಎರಡೂ ಶೂಗಳಿಗೂ ಹಾಕಿ. ಒಂದಕ್ಕೇ ಹಾಕಿದರೆ ನಡಿಗೆ ಓರೆಯಾಗುತ್ತದೆ. ಬರಿಗಾಲಿನಲ್ಲಿ ಕಬಡ್ಡಿ ಆಡುವವರು ಅಭ್ಯಾಸವನ್ನು ಮಣ್ಣಿನ ಅಂಕಣದಲ್ಲಿ ಮಾಡಲಿ, ಸಿಮೆಂಟ್ ಅಂಗಳದಲ್ಲಿ ಬೇಡ.

ಹಂತ 8: ಮಂಜುಗಡ್ಡೆ, ಎಣ್ಣೆ, ಮಾತ್ರೆ

ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಟದ ನಂತರ 10ರಿಂದ 15 ನಿಮಿಷ ಇಡಿ. ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಅಜ್ಜಿಯ ಕೈಯ ಎಣ್ಣೆ, ಬಿಸಿನೀರು ಮೀನಖಂಡದ ಬಿಗಿತಕ್ಕೆ ಹಿತ. ಊದಿದ ಜಾಗಕ್ಕೆ, ಹೊಸ ಉಳುಕಿಗೆ ತಿಕ್ಕುವುದು ಬೇಡ.

ನೋವಿನ ಮಾತ್ರೆ ನುಂಗಿ ಮೈದಾನಕ್ಕಿಳಿಯುವುದು ಅತ್ಯಂತ ಕೆಟ್ಟ ಅಭ್ಯಾಸ. ಎಚ್ಚರಿಸುವ ನೋವನ್ನೇ ಅದು ಮುಚ್ಚಿಬಿಡುತ್ತದೆ. ಹದಿನಾರು ತುಂಬದವರಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಬಾರದು. ಮಳೆಗಾಲದಲ್ಲಿ ಜ್ವರದ ಜೊತೆ ಕೈಕಾಲು ನೋವು ಬಂದರೆ ಡೆಂಗಿ ಇರಬಹುದು. ಆಗ ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೂಡ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು ವೈದ್ಯರಿಗೆ ತೋರಿಸಿ.

ವಿಟಮಿನ್ ಡಿ ಕೊರತೆ ನಮ್ಮ ಮಕ್ಕಳಲ್ಲಿ ಸಾಮಾನ್ಯ, ಎರಡೂ ಕಾಲಿನ ಎಲುಬು ಮಂದವಾಗಿ ನೋಯುವುದು, ಮೆಟ್ಟಿಲು ಹತ್ತಲು ತೊಡೆ ಸೋಲುವುದು ಅದರ ಗುರುತು. ಆದರೆ 60,000 ಘಟಕದ ಪುಡಿಯನ್ನೋ ಮಾತ್ರೆಯನ್ನೋ ಸ್ವಂತ ತೀರ್ಮಾನದಿಂದ ನುಂಗಬೇಡಿ. ವಾರಕ್ಕೊಮ್ಮೆ ಎಂದು ಬರೆದದ್ದನ್ನು ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಊಟದಲ್ಲಿ ರಾಗಿ, ಹಾಲು, ಮೊಸರು, ಎಳ್ಳು, ಸೊಪ್ಪು ಇರಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ರಾತ್ರಿ ಕಾಲನ್ನು ಅಲ್ಲಾಡಿಸದೆ ಮಲಗಲಾಗದ ಚಡಪಡಿಕೆ ಇದ್ದರೆ ಕಬ್ಬಿಣಾಂಶ ಕಡಿಮೆಯಿರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟದ ನಂತರ ತಪ್ಪದೆ ನುಂಗಿ, ರಕ್ತ ಪರೀಕ್ಷೆಯ ಬಗ್ಗೆ ಕೇಳಿ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಆಳದ ಕೊಳವೆಬಾವಿಯ ನೀರನ್ನೇ ಕುಡಿಯುವವರು, ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ, ಫ್ಲೋರೈಡ್ ಬಗ್ಗೆ ವೈದ್ಯರಿಗೆ ಹೇಳಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಎಲುಬಿಗೆ ಒಳ್ಳೆಯದಲ್ಲ.

ಹಂತ 9: ಮೆಲ್ಲಗೆ ಮೈದಾನಕ್ಕೆ

ಮರಳುವ ಮೊದಲು ನಾಲ್ಕು ಷರತ್ತುಗಳು ಪೂರೈಸಿರಬೇಕು. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿಲ್ಲ. ಒಂದು ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ. ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತುವುದು ಇಪ್ಪತ್ತು ಸಲ ಆಗುತ್ತದೆ. ಗೋಡೆಯ ಪರೀಕ್ಷೆಯಲ್ಲಿ ಎರಡೂ ಕಾಲುಗಳ ಅಳತೆ ಹೆಚ್ಚುಕಡಿಮೆ ಒಂದೇ.

ಮೊದಲ ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ, ದಿನ ಬಿಟ್ಟು ದಿನ. ಎರಡನೆಯ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೂರನೆಯ ವಾರ ಐದು ನಿಮಿಷದ ಓಟ, ನಡುವೆ ಒಂದು ನಿಮಿಷ ನಡಿಗೆ. ನಾಲ್ಕನೆಯ ವಾರ ಇಪ್ಪತ್ತು ನಿಮಿಷ ಸತತ ಓಟ. ವೇಗದ ಓಟ, ಜಿಗಿತ, ಥಟ್ಟನೆ ದಿಕ್ಕು ಬದಲಿಸುವುದು ಅದರ ನಂತರ. ಆಮೇಲೆ ಪಂದ್ಯದ ಅರ್ಧ ಅವಧಿ, ಆಮೇಲೆ ಪೂರ್ತಿ. ಒಂದು ವಾರದಲ್ಲಿ ಒಂದನ್ನೇ ಬದಲಿಸಿ: ಹೊತ್ತು ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ, ಹೊಸ ಶೂ ಹಾಕಿದ ವಾರ ಎರಡನ್ನೂ ಹೆಚ್ಚಿಸಬೇಡಿ. ಆಮೇಲಿನ ದಿನಗಳಲ್ಲೂ ತರಬೇತಿಯ ವಾರದ ಗಂಟೆಗಳು ನಿಮ್ಮ ವಯಸ್ಸಿನ ವರ್ಷಗಳನ್ನು ಮೀರದಿರಲಿ. ಹದಿಮೂರರ ಹುಡುಗನಿಗೆ ವಾರಕ್ಕೆ ಹದಿಮೂರು ಗಂಟೆ ಸಾಕು, ಒಂದು ದಿನ ಪೂರ್ತಿ ಬಿಡುವು. ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ.

ನಡುವೆ ನೋವು ಮರಳಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ. ಎರಡು ದಿನ ಓಟ ಬಿಟ್ಟು, ಹಿಂದಿನ ವಾರದ ಮಟ್ಟಕ್ಕೆ ಇಳಿದು ಅಲ್ಲಿಂದ ಮುಂದುವರಿಯಿರಿ.

ಹಂತ 10: ವೈದ್ಯರ ಬಳಿ ಹೋಗುವಾಗ

ಆರು ವಾರ ಕ್ರಮವಾಗಿ ಮಾಡಿಯೂ ಬೆಳಗಿನ ನೋವಿನ ಅಂಕಿ ಇಳಿಯದಿದ್ದರೆ ಮೂಳೆ ತಜ್ಞರನ್ನು ಅಥವಾ ಫಿಸಿಯೊಥೆರಪಿಸ್ಟರನ್ನು ಕಾಣಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ಪರೀಕ್ಷಿಸುತ್ತದೆ, ಹದಿನೆಂಟು ವರ್ಷದವರೆಗೂ. ಆ ದಿನ ಕಾಲುನೋವನ್ನು ಹೇಳಿ, ಜಿಲ್ಲಾ ಆಸ್ಪತ್ರೆಗೆ ಕಳಿಸಿಕೊಡಲು ಕೇಳಿ. ನೋಟ್‌ಬುಕ್, ಹಾಕುವ ಶೂ, ನುಂಗಿದ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಮೊಣಕಾಲಿನ ಮೇಲಕ್ಕೆ ಮಡಚಬಹುದಾದ ಬಟ್ಟೆ ಹಾಕಿಕೊಂಡು ಹೋಗಿ. ಹುಡುಗಿಯರು ವೈದ್ಯೆಯನ್ನು ಕೇಳಬಹುದು, ಅಮ್ಮ ಅಥವಾ ಅಕ್ಕ ಜೊತೆಯಲ್ಲಿ ಇರಬಹುದು.

ಕೇಳಬೇಕಾದ ಪ್ರಶ್ನೆಗಳು ಇಷ್ಟು: ಈ ನೋವಿಗೆ ಹೆಸರೇನು? ಸೊಂಟವನ್ನೂ ಪರೀಕ್ಷಿಸಿದಿರಾ? ಏನನ್ನು ಮಾಡಬಾರದು, ಎಷ್ಟು ವಾರ? ಮತ್ತೆ ಯಾವಾಗ ಬರಬೇಕು? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ಎಲ್ಲ ಪರೀಕ್ಷೆ ಸರಿ ಬಂದು, ನೋವು ಮಾತ್ರ ತಿಂಗಳುಗಟ್ಟಲೆ ಉಳಿಯುವ ಮಕ್ಕಳೂ ಇದ್ದಾರೆ. ಕೆಲವರಿಗೆ ಕಾಲುಚೀಲ ತಾಗಿದರೂ ಉರಿಯುತ್ತದೆ, ಪಾದದ ಬಣ್ಣ ಬದಲಾಗುತ್ತದೆ, ಒಂದು ಪಾದ ತಣ್ಣಗಿರುತ್ತದೆ. ಇಂಥವರಿಗೆ "ಶಾಲೆ ತಪ್ಪಿಸಲು ನಾಟಕ" ಎನ್ನುವ ಮನೆಯವರು ಮಗುವಿಗೆ ಎರಡು ಸಲ ನೋವು ಕೊಡುತ್ತಾರೆ. ಗಾಯ ಮಾಯ್ದ ಮೇಲೂ ನರಗಳು ಎಚ್ಚರಿಕೆ ಕೊಡುತ್ತಲೇ ಇರುವ ಸ್ಥಿತಿ ಇದು, ನೋವು ನಿಜವಾದದ್ದೇ. ಕಾಲನ್ನು ಕಟ್ಟಿ ಮಲಗಿಸಿದರೆ ಇದು ಹೆಚ್ಚುತ್ತದೆ. ಬೇಗನೆ ಫಿಸಿಯೊಥೆರಪಿ ಆರಂಭಿಸಿ, ಟವೆಲ್‌ನಿಂದ ಮೃದುವಾಗಿ ಸವರುವುದರಿಂದ ಹಿಡಿದು ನಿಧಾನವಾಗಿ ಕಾಲೂರುವವರೆಗೆ ದಿನವೂ ಕಾಲನ್ನು ಬಳಸಬೇಕು. ನಿದ್ದೆ, ಪರೀಕ್ಷೆಯ ಭಯ, ಮನೆಯ ಕಷ್ಟಗಳ ಬಗ್ಗೆ ಮಾತಾಡಲು ಆಪ್ತಸಮಾಲೋಚಕರ ನೆರವನ್ನೂ ಪಡೆಯಿರಿ. ಈ ಅವಧಿಯಲ್ಲಿ ಮಗು ಶಾಲೆಗೆ ಹೋಗುತ್ತಿರಲಿ, ಅರ್ಧ ದಿನವಾದರೂ ಸರಿ. ಕೂರಲು ಕಿಟಕಿಯ ಪಕ್ಕದ ಬೆಂಚಿಗಿಂತ ಬಾಗಿಲ ಹತ್ತಿರದ ಬೆಂಚು ಕೇಳಿಕೊಳ್ಳಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬರಲು ಅನುಕೂಲವಾಗುತ್ತದೆ.